ಚುಕ್ಕಿ ಹಾಕದ ಟೈಪಿಸ್ಟಮ್ಮ

ಬೆಳಕು ಹರಿಯುವ ಹೊತ್ತಿಗೇ ಕೋರ್ಟಿನ ಹಿಂಬಾಗಿಲಿಂದ ಬಂದು ಟೈಪಿಸ್ಟಮ್ಮ ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಕೀಬೋರ್ಡಿನ ಧೂಳನ್ನು ಸೆರಗಿನಲ್ಲಿ ಒರೆಸಿ, ನಿನ್ನೆ ಟೈಪು ಮಾಡುತ್ತಾ ಅರ್ಧಕ್ಕೆ ಬಿಟ್ಟ ಸಾಕ್ಷಿಯ ಹೇಳಿಕೆ ಮುಂದುವರಿಸುತ್ತಾರೆ. ಪರದೆಯ ಮೇಲೆ ಮೂಡುವ ಬೈಗುಳಗಳನ್ನು ಈ ಪುರವಣಿಯಲ್ಲಿ ಅಚ್ಚು ಹಾಕುವಂತಿಲ್ಲ. ಅವರಂತೂ ಹುಬ್ಬು ಸಹ ಹಾರಿಸುವುದಿಲ್ಲ.

"ಮನೇಲಿ ಅತ್ತೆ ಮುಂದೆ ಥೂ ಅಂತಾನೂ ಅನ್ನಲ್ಲ ನಾನು. ಇಲ್ಲಿ ನೋಡಿ, ದಿನವಿಡೀ ಇದೇ ಮಂತ್ರ" ಎಂದು ನಗುತ್ತಾರೆ.

ಆನ್‌ಲೈನಿನಲ್ಲಿ ಅವಹೇಳನ ಮಾಡಿದರೆ ಜೈಲು ಎಂಬ ಕಾನೂನು ಬಂದ ಮೇಲೆ ಇಂಥ ಕೇಸುಗಳದ್ದೇ ರಾಶಿ. ಸಿಕ್ಕಿಬಿದ್ದವರಲ್ಲಿ ಹೆಣ್ಣುಮಕ್ಕಳ ಮಾನ ಕಳೆಯಲು ಹೊರಟ ದುಷ್ಟರೂ ಇದ್ದಾರೆ, ನಲ್ಲಿಯಲ್ಲಿ ನೀರಿಲ್ಲ ಎಂದು ಸಿಟ್ಟಿಗೆದ್ದು ನಾಲ್ಕು ಮಾತು ಬರೆದ ಬಡಪಾಯಿಗಳೂ ಇದ್ದಾರೆ. ಯಾರು ಯಾವ ಥರದವರೆಂದು ನ್ಯಾಯಾಧೀಶರಿಗೆ ತಿಳಿಯಬೇಕಾದರೆ ಬರೆದ ಮಾತು ಇದ್ದಂತೆಯೇ ಕಡತಕ್ಕೆ ಹೋಗಬೇಕು.

ಅದನ್ನು ಟೈಪಿಸ್ಟಮ್ಮ ಪೆಟ್ಟು ತಿಂದೇ ಕಲಿತದ್ದು. ಸೈಕಲ್ ರಿಪೇರಿಯವನೊಬ್ಬ ತನ್ನ ವಾರ್ಡಿನ ಕೌನ್ಸಿಲರ್ ಬಗ್ಗೆ ಏನೋ ಬರೆದು, ಆಮೇಲೆ ಹೆದರಿ ಅಳಿಸಿಹಾಕಿದ್ದ, ಆದರೂ ಜೈಲು ಸೇರಿದ. ಕೌನ್ಸಿಲರ್ ಕೋರ್ಟಿನಲ್ಲಿ ಆ ಪದ ಹೇಳಿದಾಗ, ದೊಡ್ಡ ಮನುಷ್ಯರಿಗೆ ಅಂದದ್ದನ್ನು ಬರೆಯುವುದು ಹೇಗೆಂದು ಸಂಕೋಚಪಟ್ಟ ಟೈಪಿಸ್ಟಮ್ಮ ಪದದ ಬದಲು ಚುಕ್ಕಿ ಹಾಕಿಬಿಟ್ಟರು. ಜಾಮೀನು ಅರ್ಜಿಯ ಜೊತೆ ಮೇಲಿನ ಕೋರ್ಟಿಗೆ ಹೋದದ್ದು ಆ ಚುಕ್ಕಿಗಳೇ. ಬರೆಯಲೂ ಬಾರದಷ್ಟು ಹೊಲಸು ಮಾತಿರಬೇಕೆಂದುಕೊಂಡು ಅಲ್ಲಿ ಜಾಮೀನು ಕೊಡಲಿಲ್ಲ.

ಅವನ ಹೆಂಡತಿ ಹುಡುಕಿಕೊಂಡು ಬಂದಳು. "ಅಕ್ಕಾ, ಬೀದೀಲಿ ತಲೆ ಎತ್ತೋಕಾಗ್ತಿಲ್ಲ. ಅವನ್ನ ಕೇಳಿದ್ರೆ ಅಂಥದ್ದೇನೂ ಇಲ್ಲ ಅಂತಾನೆ, ಯಾರೂ ನಂಬ್ತಿಲ್ಲ. ಏನು ಬರ್ದಿದ್ದ?"

"ದಂಡಪಿಂಡ ಅಂತ."

"ಅಷ್ಟೇನಾ? ದಿನಾ ನಾನು ಅವನಿಗೆ ಅನ್ನೋದೇ ಅದಲ್ವಾ!" ನಗಲು ಹೋದವಳು ಅಲ್ಲೇ ಕುಸಿದು ಕೂತು ಅತ್ತಳು.

ಟೈಪಿಸ್ಟಮ್ಮ ಅಂದೇ ನ್ಯಾಯಾಧೀಶರ ಮುಂದೆ ನಿಂತು ತಪ್ಪೊಪ್ಪಿಕೊಂಡರು. ಚುಕ್ಕಿಗಳ ಜಾಗಕ್ಕೆ ಪದ ಬಂತು, ಅವನು ಹೊರಗೆ ಬಂದ. ಇವರಿಗೆ ನೋಟಿಸು ಬಂತು, ಬಡ್ತಿ ಕೈತಪ್ಪಿತು. ಈಗ ಎಂಥ ದೊಡ್ಡವರು ಸಾಕ್ಷಿಗೆ ನಿಂತು ತೊದಲಿದರೂ "ಪದ ಪೂರ್ತಿ ಹೇಳಿ ಸಾರ್" ಎಂದು ಕೀಬೋರ್ಡಿನ ಮೇಲೆ ಬೆರಳೆತ್ತಿಕೊಂಡು ಕಾಯುತ್ತಾರೆ. ಕೆಲವರಿಗೆ ಅವರನ್ನು ಕಂಡರಾಗದು.

ಬೇಜಾರಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. "ಬಡ್ತಿ ಬಿಡಿ. ಹೊಲಸು ಮಾತು ಬರ್ದ್ರೆ ಕೈ ತೊಳ್ಕೊಂಡು ಊಟ ಮಾಡ್ಬಹುದು. ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ಒಬ್ಬನ್ನ ಜೈಲಲ್ಲಿ ಕೂರಿಸಿದ್ನಲ್ಲ, ಅದು ತೊಳ್ದ್ರೆ ಹೋಗಲ್ಲ."