ಅವಳಿ ಗೆರೆಗಳ ಬೆನ್ನು ಹತ್ತಿದವರು

ಮಣ್ಣು, ನೀರುಗಳಿಗೆ ಸೇರಿದ ವಿಷ ಒಡೆದು ಕೊನೆಗೆ ಏನಾಗಿ ಉಳಿಯುತ್ತದೆಂದು ಪತ್ತೆಹಚ್ಚುವ ವಿದ್ಯೆಯಲ್ಲಿ ನಮ್ಮ ಮೇಡಂ ಅವರಿಗೆ ಸರಿಸಾಟಿಯಾದವರು ವಿರಳ. ‘ವಿಷ ಮಾಯವಾಯಿತು’ ಎಂದವರಿಗೆ ‘ಮಾಯ ಆಗಿ ಎಲ್ಲಿಗೆ ಹೋಯ್ತು? ವಿಳಾಸ ಕೊಡಿ’ ಎನ್ನುವ ಈ ಗುರುಗಳು ನಿವೃತ್ತರಾಗುತ್ತಿದ್ದಾರೆಂದರೆ ನನಗಿನ್ನೂ ನಂಬಿಕೆಯೇ ಬರುತ್ತಿಲ್ಲ!

ನಾನು ಅವರ ಶಿಷ್ಯನಾಗಿ ಸೇರಿದ ವರ್ಷ, ನಾವು ಬಾಡಿಗೆಗಿದ್ದ ಬಡಾವಣೆಯ ಕೊಳವೆಬಾವಿಗೆ ಕಳೆನಾಶಕ ಇಳಿದು ನಲ್ಲಿ ನೀರು ನಿಂತುಹೋಗಿತ್ತು. ಮನೆಯಲ್ಲಿ ಹಸುಗೂಸು, ಟ್ಯಾಂಕರಿಗೆ ಕಾದು ಕಾದು ನನ್ನಾಕೆ ಹೈರಾಣಾಗಿದ್ದಳು. ಮೇಡಂ ಅದೇ ಕಳೆನಾಶಕವನ್ನು ಅರ್ಧ ಸಾದಾ ಕಾರ್ಬನ್ನಿನದು, ಅರ್ಧ ಭಾರದ ಕಾರ್ಬನ್ನಿನದು ಬೆರೆಸಿ ಬಾವಿಯ ಮಣ್ಣಿನೊಡನೆ ಜಾಡಿಗಳಲ್ಲಿ ಇಡಿಸಿದರು. ಅದು ಒಡೆದು ಹುಟ್ಟಿದ ಚೂರು ಯಾವುದೇ ಇರಲಿ, ಅಣುಗಳ ತೂಕ ಅಳೆಯುವ ಯಂತ್ರದ ಪರದೆಯ ಮೇಲೆ ಹಗುರದ್ದೊಂದು, ಭಾರದ್ದೊಂದು ಹೀಗೆ ಅವಳಿ ಗೆರೆಯಾಗಿ ಸಿಕ್ಕಿಬೀಳಬೇಕು. ವಾರಗಳು ಕಳೆದ ಮೇಲೆ ನೋಡಿದರೆ ಕಳೆನಾಶಕದ್ದಾಗಲಿ, ಅದರ ಚೂರಿನದಾಗಲಿ ಒಂದು ಜೋಡಿಯೂ ಕಾಣಲಿಲ್ಲ. ನೀರು ಕುಡಿಯಲು ಯೋಗ್ಯವೆಂದು ಮೇಡಂ ಸಹಿ ಹಾಕಿಯೇಬಿಟ್ಟರು.

ಮರುದಿನ ತರಗತಿಯಲ್ಲಿ ಕಳೆನಾಶಕದ ಅಣುವಿನ ಚಿತ್ರ ಬರೆಯುತ್ತಿದ್ದ ಮೇಡಂ ಅವರ ಕೈ ಕಪ್ಪುಹಲಗೆಯ ಮೇಲೆ ಹಾಗೆಯೇ ನಿಂತಿತು. ಭಾರದ ಕಾರ್ಬನ್ನಿದ್ದದ್ದು ಅಣುವಿನ ಬಾಲದಲ್ಲಿ. ಸೂಕ್ಷ್ಮಜೀವಿಗಳು ಮೊದಲು ಕಚ್ಚಿ ಬೇರ್ಪಡಿಸಿ ತಿಂದು ಮುಗಿಸುವುದೂ ಆ ಬಾಲವನ್ನೇ!

‘ಅಯ್ಯೋ ನನ್ನ ತಲೆಗಿಷ್ಟು! ಬಾಲಕ್ಕೆ ಗುರುತು ಹಾಕಿ ಇಡೀ ಪ್ರಾಣೀನ ಹುಡುಕ್ತಾ ಕೂತಿದೀವಲ್ರೋ!’

ಸೀಮೆಸುಣ್ಣದ ಕೈಯಲ್ಲೇ ಅವರು ನೀರು ಸರಬರಾಜು ಕಚೇರಿಗೆ ಓಡಿದರು, ಹಿಂದೆ ನಾನು. ಅಲ್ಲಿನ ಎಂಜಿನಿಯರ್ ತಬ್ಬಿಬ್ಬಾದರು.

‘ಮೇಡಂ, ನೀವೇ ಸಹಿ ಹಾಕಿದೀರಿ. ಈಗ ಬೇಡ ಅಂದ್ರೆ ನಿಮ್ಮ ಮರ್ಯಾದೆ ಏನಾಗುತ್ತೆ?’

‘ನನ್ನ ಮರ್ಯಾದೆ ಹಾಳಾಗ್ಲಿ ರೀ, ಮೊದಲು ಪಂಪ್ ನಿಲ್ಲಿಸಿ!’

ಪಂಪು ನಿಂತಿತು. ಬಡಾವಣೆಯವರು ಬೈದರು, ಸಹೋದ್ಯೋಗಿಗಳು ಬೆನ್ನ ಹಿಂದೆ ನಕ್ಕರು, ಮೇಡಂ ಜಗ್ಗಲಿಲ್ಲ. ಅಣುವಿನ ನಡುವಿನ ಉಂಗುರದಲ್ಲೇ ಭಾರದ ಕಾರ್ಬನ್ನಿರುವಂತೆ ಹೊಸದಾಗಿ ತಯಾರಿಸಿ ಮತ್ತೆ ಜಾಡಿಗಳನ್ನಿಟ್ಟರು. ಅಬ್ಬಾ, ಪರದೆಯ ಮೇಲೆ ಆ ಅವಳಿ ಗೆರೆಗಳು ಎದ್ದ ಗಳಿಗೆ! ನಾವೆಲ್ಲ ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಬೆಂಕಿ ಬಿದ್ದಿತೆಂದು ಓಡಿಬಂದರು. ಬಾಲ ಕಳೆದುಕೊಂಡ ವಿಷ ಅಷ್ಟೂ ದಿನ ನೀರಿನಲ್ಲೇ ಹಾಯಾಗಿತ್ತು. ಅದು ಇಂಥದ್ದೆಂದು ತಿಳಿದ ಮೇಲೆ, ಅದನ್ನು ಹಿಡಿದಿಡುವ ಇದ್ದಿಲಿನ ಶೋಧಕವನ್ನು ಬಾವಿಗೆ ಕೂರಿಸಲಾಯಿತು.

ಶೋಧಿಸಿದ ನೀರಿನಲ್ಲಿ ವಿಷದ ಸುಳಿವಿಲ್ಲವೆಂದು ಖಚಿತವಾದ ದಿನ ಮೇಡಂ ನನ್ನನ್ನು ಕರೆದರು. ‘ಹೋಗಪ್ಪಾ, ಇನ್ನು ಮಗೂಗೆ ಮನೆ ನಲ್ಲಿ ನೀರೇ ಕಾಯಿಸಿ ಕುಡಿಸು’ ಎಂದರು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಮೇಡಂ, ಆಯುರಾರೋಗ್ಯಗಳು ನಿಮ್ಮ ಕೈಬಿಡದಿರಲಿ, ಪ್ರಯೋಗಾಲಯದ ಬಾಗಿಲು ಎಂದೂ ನಿಮಗೆ ತೆರೆದಿರಲಿ. ಆ ಹಸುಗೂಸಿಗೆ ಈಗ ಇಪ್ಪತ್ತು ವರ್ಷ. ಈ ಹಾರೈಕೆ ಅವಳದ್ದೂ ಹೌದು.