ಎರಡು ಚೀಟಿಗಳ ರಫೂ ಅಕ್ಕ

ರಫೂ ಅಕ್ಕನ ಕೈ ಓಡಾಡಿದ ಮೇಲೆ, ತನ್ನಲ್ಲೊಂದು ತೂತಿತ್ತು ಎಂಬುದನ್ನು ಬಟ್ಟೆಯೇ ಮರೆತುಬಿಡುತ್ತಿತ್ತು. ಕೋಟಿನ ಒಳಮಡಿಕೆಯಿಂದ ಅದರದೇ ಎಳೆ ಬಿಡಿಸಿಕೊಂಡು, ಹರಿದಲ್ಲಿ ಒಂದು ಮೇಲೆ ಒಂದು ಕೆಳಗೆ ನೇಯುತ್ತ, ಮಹಡಿಯ ಕಿಟಕಿಯ ಪಕ್ಕ ಅವಳು ಕೂತು ಮೂವತ್ತು ವರ್ಷವಾಯಿತು. ಹರಿದದ್ದು ಯಾರಿಗೂ ಕಾಣಬಾರದು. ಅವಳ ಕಸುಬು ಅದು, ಜಂಬ ಅದು, ಹಾಳಾದ್ದು ಸ್ವಭಾವವೂ ಅದೇ.

ಗಂಡ ತೀರಿಕೊಂಡ ಮೇಲೆ ಅವಳಿಗೆ ಊಟ, ನಿದ್ದೆ, ಸೂಜಿ ಯಾವುದೂ ಬೇಡವಾಯಿತು. ಮನಸ್ಸಿನ ಡಾಕ್ಟರು ಬೆಳಗ್ಗೆಗೊಂದು ಮಾತ್ರೆ ಬರೆದುಕೊಟ್ಟರು. ನಿಧಾನವಾಗಿ ಜೀವ ಮರಳಿತು. ಆದರೆ ಆ ಮಾತ್ರೆಯನ್ನು ಅವಳು ಎರಡು ಬಸ್ಸು ಬದಲಿಸಿ, ಯಾರೂ ಗುರುತಿಲ್ಲದ ಅಂಗಡಿಯಿಂದ ತರುತ್ತಿದ್ದಳು. ಜೊತೆಗಿದ್ದ ನಾದಿನಿ ಒಳ್ಳೆಯವಳೇ, ಬಾಯಿ ಮಾತ್ರ ಸ್ವಲ್ಪ ಸಡಿಲ. ಒಮ್ಮೆ ಟಿವಿ ನೋಡುತ್ತ "ಅದೆಲ್ಲ ತಲೆ ಕೆಟ್ಟೋರ ಮಾತ್ರೆ" ಅಂದಿದ್ದಳು. ರಫೂ ಅಕ್ಕನಿಗೆ ಅಷ್ಟೇ ಸಾಕಾಯಿತು.

ಆಮೇಲೆ ಪಾದಗಳು ಉರಿಯತೊಡಗಿದವು. ನರದ ಡಾಕ್ಟರು "ಬೇರೆ ಏನಾದ್ರೂ ಮಾತ್ರೆ ತಗೊಳ್ತಿದೀರಾ?" ಎಂದು ಕೇಳಿದಾಗ ನಾದಿನಿ ಪಕ್ಕದಲ್ಲೇ ಕೂತಿದ್ದಳು.

"ಏನೂ ಇಲ್ಲ," ಅಂದಳು ರಫೂ ಅಕ್ಕ.

ಡಾಕ್ಟರು ಬರೆದ ಕ್ಯಾಪ್ಸೂಲನ್ನು ಕೆಳಗಿನ ಔಷಧಿ ಅಂಗಡಿಯಲ್ಲೇ ಕೊಂಡಳು. ಒಂದು ಮನಸ್ಸಿಗೆ, ಇನ್ನೊಂದು ಕಾಲಿಗೆ. ಅವೆರಡೂ ಎಲ್ಲಿ ಎದುರಾದಾವು?

ಮಧ್ಯಾಹ್ನಗಳು ತೇಲತೊಡಗಿದವು. ಕಿಟಕಿಯಿಂದ ಬಿಸಿಲು ಹಾಲಿನ ಹಾಗೆ ಒಳಗೆ ಸುರಿಯುತ್ತಿತ್ತು. ಮೇಜಿನ ಮೇಲಿನ ಎಳೆಗಳು ಉಸಿರಾಡುವಂತೆ ಏಳುತ್ತಿದ್ದವು, ಇಳಿಯುತ್ತಿದ್ದವು. ಎದುರಿನ ಕುರ್ಚಿಯಲ್ಲಿ ಗಂಡ ಕೂತು, ಗುಂಡಿ ಕಿತ್ತ ಶರಟು ಚಾಚಿ, "ಅವಸರ ಇಲ್ಲ ಮಾರಾಯ್ತಿ" ಅಂದಂತಾಗುತ್ತಿತ್ತು. ಅವಳಿಗೆ ಅದು ಹಿತವಾಗಿಯೇ ಇತ್ತು. ಎಚ್ಚರವಾದಾಗ ಮಾತ್ರ ರವಿಕೆ ಬೆವರಿನಲ್ಲಿ ತೊಯ್ದಿರುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಾಲ್ಕನೇ ದಿನ ಬೆರಳುಗಳು ನಡುಗಿ, ಸೂಜಿಗೆ ದಾರ ಪೋಣಿಸಲು ಹತ್ತು ಸಲ ಹೆಣಗಿದರೂ ಆಗಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಗಂಡ ಹೋದಾಗಲೂ ಕೈ ಉಳಿದಿತ್ತು. ಕೈಯೇ ಹೋದರೆ ಅವಳ ಪಾಲಿಗೆ ಇನ್ನೇನು ಉಳಿಯಿತು?

ಔಷಧಿ ಅಂಗಡಿಯಾಕೆ ರಫೂಗೆ ಕೊಟ್ಟಿದ್ದ ತನ್ನ ಬಿಳಿ ಕೋಟು ಕೇಳಲು ಮೇಲೆ ಬಂದದ್ದು ಆ ದಿನವೇ. ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿದಿದ್ದ ಅದರ ಜೇಬು ಇನ್ನೂ ಬಾಯಿ ಬಿಟ್ಟುಕೊಂಡೇ ಇತ್ತು. ತೆರೆದ ಸೂಜಿ ಡಬ್ಬಿಯಲ್ಲಿ ಎರಡು ಬಗೆಯ ಮಾತ್ರೆ ಪಟ್ಟಿಗಳಿದ್ದವು.

"ಅಕ್ಕಾ, ಇದು ನಾನು ಕೊಟ್ಟಿದ್ದು. ಈ ಇನ್ನೊಂದು ಯಾರದು?"

ನಾದಿನಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಯಾರೋ ಗಿರಾಕಿ ಜೇಬಲ್ಲಿ ಬಿಟ್ಟಿದ್ರು," ಅಂದಳು ರಫೂ ಅಕ್ಕ. ಆ ಕಸುಬಿನಲ್ಲಿ ಯಾರಾದರೂ ನಂಬುವಂಥ ಸುಳ್ಳು.

ಅಂಗಡಿಯಾಕೆ ಅವಳ ನಡುಗುವ ಕೈ ಹಿಡಿದುಕೊಂಡಳು. "ನಿಮ್ಮದೇ ಆಗಿದ್ರೆ ಈಗಲೇ ಹೇಳ್ಬಿಡಿ. ಹೆಸರು ಬೇರೆ ಆದ್ರೂ ಇವೆರಡೂ ಮೆದುಳಲ್ಲಿ ಮಾಡೋ ಕೆಲಸ ಒಂದೇ. ಸೇರಿ ಅತಿಯಾದ್ರೆ ಹೀಗೇ ಬೆವರು, ನಡುಕ. ಇನ್ನೂ ಏರಿದ್ರೆ ಜೀವಕ್ಕೇ ಬರುತ್ತೆ."

ರಫೂ ಅಕ್ಕ ಹರಿದ ಜೇಬನ್ನು ನೋಡಿದಳು, ನಾದಿನಿಯನ್ನು ನೋಡಿದಳು.

"ನಂದೇ," ಅಂದಳು. "ಎರಡೂ ನಂದೇ."

ನಾದಿನಿ ಲೋಟ ಇಟ್ಟವಳೇ ಚಪ್ಪಲಿ ಮೆಟ್ಟಿದಳು. ಆಸ್ಪತ್ರೆಯ ದಾರಿಯಲ್ಲಷ್ಟೇ ಅವಳ ಕಣ್ಣು ತುಂಬಿ ಬಂತು. "ನಾನು ಏನೇನೋ ಒದರ್ತೀನಿ ಅತ್ತಿಗೆ. ಅದನ್ನೆಲ್ಲ ಮನಸ್ಸಿಗೆ ಹಚ್ಕೊಂಡು ಜೀವ ಕಳ್ಕೋತಾರಾ?"

ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದರು. ಇಬ್ಬರು ಡಾಕ್ಟರುಗಳೂ ಫೋನಿನಲ್ಲಿ ಮಾತಾಡಿಕೊಂಡು ಕ್ಯಾಪ್ಸೂಲನ್ನು ನಿಲ್ಲಿಸಿದರು, ಬೆಳಗ್ಗಿನ ಮಾತ್ರೆಯನ್ನೂ ಸದ್ಯಕ್ಕೆ ತಡೆದರು. ನಡುಕ ಇಳಿದ ಮೇಲೆ ಮನಸ್ಸಿನ ಡಾಕ್ಟರು, "ಎರಡು ಸೇರಿಸಿ ಕೊಡೋದೇ ಇಲ್ಲ ಅಂತಲ್ಲಮ್ಮ. ಕೆಲವರಿಗೆ ಕೊಡ್ತೀವಿ, ಅಳತೆ ನೋಡಿ, ಕಣ್ಣಿಟ್ಟುಕೊಂಡು. ನೀವು ನಮಗೇ ಗೊತ್ತಾಗದ ಹಾಗೆ ಸೇರಿಸಿದ್ರಿ. ಹಾಗಂತ ಹೆದರಿ, ನೀವಾಗೇ ಯಾವುದನ್ನೂ ತಟ್ಟನೆ ಬಿಟ್ಟುಬಿಡಬೇಡಿ. ಬೆಳಗ್ಗಿನ ಮಾತ್ರೆ ಮತ್ತೆ ಯಾವಾಗ ಶುರು ಮಾಡ್ಬೇಕು ಅಂತ ನಾನೇ ಹೇಳ್ತೀನಿ," ಅಂದರು.

ಮನೆಗೆ ಬಂದ ಮೇಲೆ ಮಧ್ಯಾಹ್ನದ ಬಿಸಿಲು ಬರೀ ಬಿಸಿಲಾಗಿತ್ತು. ಎದುರಿನ ಕುರ್ಚಿ ಖಾಲಿಯಿತ್ತು. ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಸೂಜಿ ಎತ್ತಿಕೊಂಡಳು. ಮೂರನೇ ಸಲಕ್ಕೆ ದಾರ ಹೋಯಿತು.

ಕೋಟು ಕೊಡಲು ಕೆಳಗಿಳಿದಾಗ ಅಂಗಡಿಯ ಮುಂದೆ ಜನರ ಸಾಲಿತ್ತು. ಅಂಗಡಿಯಾಕೆ ಜೇಬನ್ನು ತಿರುವಿ ತಿರುವಿ ನೋಡಿದಳು. "ಎಲ್ಲಿ ಹರಿದಿತ್ತಕ್ಕಾ? ಹುಡುಕಿದ್ರೂ ಸಿಕ್ತಿಲ್ಲ."

ರಫೂ ಅಕ್ಕ ಜಂಬದಿಂದ ನಕ್ಕಳು. ಆಮೇಲೆ ಚೀಲದಿಂದ ಇಬ್ಬರು ಡಾಕ್ಟರ ಹೊಸ ಚೀಟಿಗಳನ್ನೂ ತೆಗೆದು, ಮಡಿಕೆ ಬಿಡಿಸಿ, ಎಲ್ಲರೆದುರು ಅಕ್ಕಪಕ್ಕ ಹರಡಿದಳು.

"ಮನಸ್ಸಿನ ಮಾತ್ರೆನೂ ಇನ್ಮೇಲೆ ಇಲ್ಲೇ ಕೊಡಿ," ಅಂದಳು. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅವಳು ಚೀಟಿಯ ಮೇಲಿನ ಕೈ ತೆಗೆಯಲಿಲ್ಲ.