ಪಟ್ಟಿಯಲ್ಲಿ ಉಳಿದ ಒಂದು ಮರೂನ್ ಕಾರು

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕಂತಸ್ತಿನ ವಸತಿ ಕಟ್ಟಡವೊಂದರ ಹಿಂದೆ ಸಾಲಾಗಿ ನಿಂತ ಕಾರುಗಳ ನಡುವೆ ಐವತ್ತೆರಡು ವರ್ಷದ ಮಹಿಳೆಯೊಬ್ಬರು ಬಗ್ಗಿ ಬಗ್ಗಿ ನೋಡುತ್ತಾ ನಡೆಯುತ್ತಿದ್ದಾರೆ. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ರಟ್ಟಿನ ಫೈಲು. ಹಳೆಯ ಮರೂನ್ ಕಾರು ಕಂಡರೆ ನಿಲ್ಲುತ್ತಾರೆ. ಮುಂಗಾಜಿನ ಮೇಲೆ ಕೂತ ಇಬ್ಬನಿಯನ್ನು ಸ್ವೆಟರಿನ ತೋಳಿನಿಂದ ಒರೆಸಿ, ಗಾಜಿನ ಕೆಳಮೂಲೆಯಲ್ಲಿ ಕಾಣುವ ಚಾಸಿ ನಂಬರಿನ ಮೇಲೆ ಬೆಳಕು ಬಿಟ್ಟು, ತುಟಿಯಲ್ಲೇ ಓದಿಕೊಳ್ಳುತ್ತಾರೆ. ತಲೆಯಾಡಿಸಿ ಮುಂದಿನ ಕಾರಿಗೆ ಹೋಗುತ್ತಾರೆ.

"ಏನಮ್ಮಾ, ಇವತ್ತಾದ್ರೂ ಸಿಕ್ತಾ ನಿಮ್ಮ ಕಾರು?" ಎಂದು ಕಾವಲುಗಾರ ಆಕಳಿಸುತ್ತಲೇ ಕೇಳುತ್ತಾನೆ.

"ಸಿಕ್ಕಿದ್ರೆ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡೋಕೆ ನಾನ್ಯಾಕಪ್ಪ ಬರ್ತಿದ್ದೆ?"

ಕಾರು ಮಾರುವ ಮತ್ತು ರಿಪೇರಿ ಮಾಡುವ ಮಳಿಗೆಯೊಂದರಲ್ಲಿ ಇವರಿಗೆ ಕೆಲಸ. ಅಲ್ಲಿ ಎಲ್ಲರೂ ಇವರನ್ನು ಕರೆಯುವುದು 'ಕಾಗದದಕ್ಕ' ಎಂದೇ. ಎಂಟು ಗಂಟೆಗೆ ಕಾರುಗಳೆಲ್ಲ ಬೀದಿಗಿಳಿದು ಎತ್ತೆತ್ತಲೋ ಹೋಗಿಬಿಡುತ್ತವೆ, ಹಾಗಾಗಿ ಹುಡುಕುವವರು ಅದಕ್ಕೆ ಮುಂಚೆ ಬರಬೇಕು ಎನ್ನುವುದು ಅವರ ಲೆಕ್ಕ. ಇಷ್ಟು ಹೊತ್ತಿನಲ್ಲಿ ಟಾರ್ಚು ಹಿಡಿದು ಪರರ ಕಾರಿನೊಳಗೆ ಇಣುಕಿದ್ದಕ್ಕೆ ಮೂರು ಸಲ ಪೊಲೀಸರು ಬಂದಿದ್ದಾರೆ. ಮೂರನೆಯ ಸಲ ಬಂದವರು ತಮ್ಮ ಮಾವನ ಕಾರಿನ ನಂಬರು ಕೊಟ್ಟು, ಅದೂ ಪಟ್ಟಿಯಲ್ಲಿದೆಯೇ ನೋಡಿ ಎಂದರಂತೆ.

ಪಟ್ಟಿ ಎಂದರೆ ರೀಕಾಲ್ ಪಟ್ಟಿ. ಮಾರಿದ ಕಾರಿನಲ್ಲಿ ಅಪಾಯದ ದೋಷ ಇದೆಯೆಂದು ಆಮೇಲೆ ಗೊತ್ತಾದಾಗ ತಯಾರಕರು ಆ ಕಾರುಗಳನ್ನು ವಾಪಸು ಕರೆಸಿ ಪುಕ್ಕಟೆಯಾಗಿ ಸರಿಮಾಡಿಕೊಡುತ್ತಾರೆ. ಇವರ ಪಾಲಿಗೆ ಬಂದಿರುವುದು ಹದಿನಾಲ್ಕು ವರ್ಷ ಹಳೆಯ ಒಂದು ಮಾದರಿ. ಅದರ ಸ್ಟೀರಿಂಗಿನೊಳಗೆ ಏರ್‌ಬ್ಯಾಗನ್ನು ಊದಿಸುವ ಲೋಹದ ಡಬ್ಬಿಯೊಂದಿದೆ. ವರ್ಷಗಟ್ಟಲೆ ತೇವ ಹೀರಿ ಅದರೊಳಗಿನ ಸಿಡಿಮದ್ದು ಕೆಡುತ್ತದೆ. ಆಗ ಡಿಕ್ಕಿಯಾದರೆ ಏರ್‌ಬ್ಯಾಗಿನ ಜೊತೆಗೆ ಡಬ್ಬಿಯೂ ಸಿಡಿದು, ಚೂರುಗಳು ಓಡಿಸುವವರ ಮೇಲೆಯೇ ಹಾರುತ್ತವೆ. ಬೇರೊಂದು ಊರಿನಲ್ಲಿ ಗೇಟಿಗೆ ಕಾರು ತಾಗಿಸಿದವರೊಬ್ಬರು ಕಣ್ಣು ಕಳೆದುಕೊಂಡಿದ್ದಾರೆ. ಪಟ್ಟಿಯಲ್ಲಿದ್ದದ್ದು ಇನ್ನೂರ ಎಂಬತ್ತಾರು ಕಾರು. ಈ ದಿನ ಬರಲಿರುವ ಬಿಳಿ ಕಾರು ಮುಗಿದರೆ ಉಳಿಯುವುದು ಒಂದೇ, ಮರೂನ್ ಬಣ್ಣದ್ದು. ಎಂಟು ತಿಂಗಳಿಂದ ಅದು ಸಿಕ್ಕಿಲ್ಲ. ಕಾಗದಗಳು ವಾಪಸು ಬರುತ್ತಿವೆ, ಫೋನ್ ನಂಬರು ಬೇರೆ ಯಾರದೋ ಆಗಿದೆ, ವಿಳಾಸದ ಮನೆಯನ್ನೇ ಕೆಡವಿದ್ದಾರೆ. ಅದನ್ನು ಯಾರೋ ದಿನಾ ಓಡಿಸುತ್ತಿದ್ದಾರೆ ಎಂಬುದಷ್ಟೇ ಕಾಗದದಕ್ಕನ ತಲೆಯಲ್ಲಿ ಸುತ್ತುತ್ತಿರುತ್ತದೆ.

ಮಳಿಗೆಯ ಹಿಂಭಾಗದಲ್ಲಿ, ಟೈರುಗಳ ಕೋಣೆಗೆ ಅಂಟಿಕೊಂಡು ಅವರ ಮೇಜಿದೆ. ಕಿಟಕಿ ತೆರೆದರೆ ನೀರು ಹಾಯಿಸಿ ಕಾರು ತೊಳೆಯುವ ಸದ್ದು, ಮುಚ್ಚಿದರೆ ರಬ್ಬರಿನ ವಾಸನೆ. ತಯಾರಕರು ಕಳಿಸಿದ ಮೂಲ ನೋಟಿಸು ಮೂರು ಪುಟ ಇತ್ತಂತೆ. ಓದಿದವರಿಲ್ಲ. ಇವರು ಅದನ್ನು ಪಕ್ಕಕ್ಕಿಟ್ಟು ತಾವೇ ಬರೆದ ಕಾಗದ ಹೀಗಿದೆ: 'ನಿಮ್ಮ ಕಾರಿನ ಸ್ಟೀರಿಂಗಿನಲ್ಲಿರುವ ಒಂದು ಡಬ್ಬಿ ಕೆಟ್ಟಿರಬಹುದು. ನಿಮ್ಮನ್ನು ಕಾಪಾಡಬೇಕಾದ್ದೇ ನಿಮಗೆ ಗಾಯ ಮಾಡಬಹುದು. ಬದಲಾಯಿಸಲು ಮುಕ್ಕಾಲು ಗಂಟೆ ಸಾಕು. ನೀವು ಏನೂ ಕೊಡಬೇಕಿಲ್ಲ. ದಯವಿಟ್ಟು ಬನ್ನಿ.'

ನಾನು ಪತ್ರಿಕೆಗೆ ಇಪ್ಪತ್ತು ವರ್ಷದಿಂದ ವಾರವಾರವೂ ಬರೆಯುತ್ತಿದ್ದೇನೆ. ನನ್ನ ಲೇಖನ ಓದಿ ಒಬ್ಬರಾದರೂ ಕುರ್ಚಿ ಬಿಟ್ಟು ಎದ್ದ ದಾಖಲೆಯಿಲ್ಲ. ಇವರ ಐದು ಸಾಲು ಓದಿ ಇನ್ನೂರಕ್ಕೂ ಹೆಚ್ಚು ಮಂದಿ ಕಾರು ತೆಗೆದುಕೊಂಡು ಬಂದಿದ್ದಾರೆ. ಸುಳ್ಳು ಯಾಕೆ ಹೇಳಲಿ, ಓದುತ್ತಿದ್ದಂತೆ ನನ್ನ ಹೊಟ್ಟೆ ಉರಿಯಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಕಾಗದದಕ್ಕ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿ ನಕ್ಕರು.

"ನಿಮಗೂ ಇದೆಯಾ ಈ ಕಾಯಿಲೆ? ಹಾಗಾದ್ರೆ ಕೂತ್ಕೊಳ್ಳಿ, ನಮ್ಮಿಬ್ಬರಿಗೂ ಮಾತು ಹೊಂದುತ್ತೆ."

ಪಟ್ಟಿ ಉದ್ದವಿದ್ದಾಗ ದಿನಕ್ಕೆ ಮೂವತ್ತು ಫೋನು, ಹನ್ನೆರಡು ಕಾಗದ; ಈಗ ಬೆಳಗಿನ ಹುಡುಕಾಟದಲ್ಲಿ ಎಪ್ಪತ್ತೆಂಬತ್ತು ಕಾರು. ಮೊಣಕಾಲು ಊದಿಕೊಂಡಿದೆ. ಬೈಗುಳಕ್ಕೆ ಮಾತ್ರ ಲೆಕ್ಕವಿಟ್ಟಿಲ್ಲ. ಕೆಲವರು ಇದೇನೋ ಮೋಸ ಎಂದು ಫೋನು ಕುಕ್ಕುತ್ತಾರೆ. ಕೆಲವರು "ಹದಿನಾಲ್ಕು ವರ್ಷ ಆಗದೇ ಇದ್ದದ್ದು ಈಗೇನಾಗುತ್ತೆ?" ಎಂದು ಕಡ್ಡಿ ಮುರಿದಂತೆ ಹೇಳುತ್ತಾರೆ. ಒಬ್ಬ ಮಹಾಶಯನಂತೂ ಕೆಲಸಕ್ಕೆ ರಜೆ ಹಾಕಿ ಬಂದು ಜಗಳ ತೆಗೆದಿದ್ದ. ಆತನ ಕಾರು ಪಟ್ಟಿಯಲ್ಲೇ ಇರಲಿಲ್ಲ.

"ಪಕ್ಕದ ಮನೆಯವರ ಕಾರಿಗೆ ಫ್ರೀಯಾಗಿ ಹೊಸ ಸಾಮಾನು ಹಾಕಿದೀರಿ, ನಂದಕ್ಕೆ ಯಾಕೆ ಹಾಕಲ್ಲ ಅಂತ ಕೂಗಾಡಿದ. ಸಾರ್, ನಿಮ್ಮ ಕಾರು ಚೆನ್ನಾಗಿದೆ, ಅದಕ್ಕೇ ಕರೆದಿಲ್ಲ ಅಂದೆ. ಜಪ್ಪಯ್ಯ ಅಂದ್ರೂ ಕೇಳಲಿಲ್ಲ. ಕೊನೆಗೆ ಗಾಳಿ ಚೆಕ್ ಮಾಡಿ ಕಳಿಸಿದ್ವಿ, ಸಮಾಧಾನ ಆಯ್ತು."

ನಾವು ಮಾತಾಡುತ್ತಿರುವಾಗಲೇ ಮುಂಭಾಗದ ಹಜಾರದಿಂದ ಚಪ್ಪಾಳೆ ಕೇಳಿಸುತ್ತದೆ. ಕಾಗದದಕ್ಕನ ಮುಖ ಗಂಟಿಕ್ಕಿಕೊಳ್ಳುತ್ತದೆ. ಅಲ್ಲಿ ಹೊಸ ಕಾರಿಗೆ ಕೆಂಪು ರಿಬ್ಬನ್ ಕಟ್ಟಿ, ಕೊಂಡ ಕುಟುಂಬದ ಕೈಗೆ ಕೀಲಿ ಕೊಡುತ್ತಿದ್ದಾರೆ. ಕೊಡುತ್ತಿರುವವರು ಮಾರಾಟ ವಿಭಾಗದ ಹಿರಿಯ ಉದ್ಯೋಗಿ, ನಗುಮುಖದ, ಗಟ್ಟಿ ದನಿಯ ಹೆಂಗಸು. ಆಕೆ ಕಾಗದದಕ್ಕನ ಸ್ವಂತ ತಂಗಿ.

"ನಾನೇ ಕೈಹಿಡಿದು ಕರ್ಕೊಂಡು ಬಂದು ಇಲ್ಲಿ ಸೇರಿಸಿದ್ದು. ಆರು ತಿಂಗಳಿಗೆ ಎಲ್ಲರೂ ನನ್ನನ್ನ 'ಅವರ ಅಕ್ಕ' ಅನ್ನೋಕೆ ಶುರು ಮಾಡಿದ್ರು. ಅವಳ ಹತ್ರ ಬರೋರು ನಗ್ತಾ ಬರ್ತಾರೆ, ನಗ್ತಾ ಹೋಗ್ತಾರೆ. ನನ್ನ ಹತ್ರ ಬರೋರು ಹೆದರಿಕೊಂಡು ಬರ್ತಾರೆ, ಬೈಕೊಂಡು ಹೋಗ್ತಾರೆ."

ಚಿಕ್ಕಂದಿನಿಂದಲೂ ಹೀಗೆಯೇ ಅಂತೆ. ಮನೆಗೆ ನೆಂಟರು ಬಂದರೆ ಚಿಕ್ಕವಳು ಪದ್ಯ ಹೇಳುತ್ತಿದ್ದಳು, ದೊಡ್ಡವಳು ಲೋಟ ತೊಳೆಯುತ್ತಿದ್ದಳು. "ಚಿಕ್ಕವಳು ಎಷ್ಟು ಚೂಟಿ ಅಂತಿದ್ರು. ನನ್ನ ಬಗ್ಗೆ ಕೇಳಿದ್ರೆ, ಪಾಪ ಒಳ್ಳೇ ಹುಡುಗಿ ಅಂತಿದ್ರು. ಪಾಪ ಯಾಕೆ ಹೇಳಿ?" ಎಂದು ನನ್ನನ್ನೇ ಕೇಳುತ್ತಾರೆ. ಅಪ್ಪ ಸರಕು ಸಾಗಿಸುವ ವ್ಯಾನು ಓಡಿಸುತ್ತಿದ್ದರು. ಚಕ್ರ ಬದಲಾಯಿಸುವುದನ್ನು ಹೇಳಿಕೊಟ್ಟದ್ದು ದೊಡ್ಡ ಮಗಳಿಗೆ ಮಾತ್ರ. ತಂಗಿಗೆ ಇವತ್ತಿಗೂ ಜಾಕ್ ಎಲ್ಲಿಡಬೇಕೆಂದು ಗೊತ್ತಿಲ್ಲ ಎಂಬುದನ್ನು ಕಾಗದದಕ್ಕ ನನಗೆ ಆ ದಿನ ಮೂರು ಸಲ ಹೇಳುತ್ತಾರೆ.

ನನಗೆ ನಗು ಬರುತ್ತದೆ, ಬೇಸರವೂ ಆಗುತ್ತದೆ. ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು ಸಿನಿಮಾ ಸುದ್ದಿ ಬರೆಯುತ್ತಾನೆ. ಅವನಿಗೆ ಬರುವ ಓದುಗರ ಪತ್ರಗಳನ್ನು ಅವನು ಊಟಕ್ಕೆ ಹೋದಾಗ ನಾನು ಎಣಿಸಿದ್ದೇನೆ. ಆದ್ದರಿಂದ ಇವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಮಧ್ಯಾಹ್ನ ಬಿಳಿ ಕಾರು ಬರುತ್ತದೆ. ಮೆಕ್ಯಾನಿಕ್ ಸ್ಟೀರಿಂಗ್ ಬಿಚ್ಚಿ ಡಬ್ಬಿಯನ್ನು ಎರಡೂ ಕೈಯಲ್ಲಿ, ನಿದ್ದೆ ಹೋದ ಕೂಸನ್ನು ಎತ್ತಿದಂತೆ ಎತ್ತಿಕೊಳ್ಳುತ್ತಾನೆ. ಹೊರಗಿನಿಂದ ನೋಡಿದರೆ ಅದಕ್ಕೆ ಏನೂ ಆಗಿಲ್ಲ, ಹೊಳೆಯುತ್ತಿದೆ. ಕೂತವರ ಕುತ್ತಿಗೆಗೂ ಇದಕ್ಕೂ ಎಷ್ಟು ದೂರ ಇರುತ್ತದೆ ಎಂದು ನಾನು ಕೇಳಿದೆ. ಆತ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು, ಸೀಟಿನಲ್ಲಿ ಕೂತು, ಸ್ಟೀರಿಂಗಿನಿಂದ ತನ್ನ ಕುತ್ತಿಗೆಯವರೆಗೆ ಗೇಣು ಹಾಕಿ ತೋರಿಸಿದ.

"ಎರಡು ಗೇಣು. ಕುಳ್ಳಗಿರೋರು ಸೀಟು ಮುಂದೆ ಎಳ್ಕೊಂಡಿರ್ತಾರೆ, ಅವರಿಗೆ ಒಂದೂವರೆ."

ಕಾಗದದಕ್ಕ ಮೇಜಿಗೆ ಮರಳಿ ಬಿಳಿ ಕಾರಿನ ಸಾಲಿಗೆ ಗೆರೆ ಎಳೆದರು. ಆಗ ನಾನು ಗಮನಿಸಿದ್ದು, ಅವರ ಪಟ್ಟಿಯ ಬಲ ಅಂಚು ಯಾವಾಗಲೂ ಒಳಕ್ಕೆ ಮಡಚಿರುತ್ತದೆ. ಅಲ್ಲೇನಿದೆ ಎಂದೆ. ಅಧಿಕಪ್ರಸಂಗ ಎಂದು ಗೊತ್ತಿದ್ದೂ ಕೈಚಾಚಿ ಮಡಿಕೆ ಬಿಡಿಸಿದೆ. 'ಮಾರಿದವರು' ಎಂಬ ತಲೆಬರಹದ ಕೆಳಗೆ, ಮರೂನ್ ಕಾರಿನ ಸಾಲಿನಲ್ಲಿ, ತಂಗಿಯ ಹೆಸರಿತ್ತು.

"ಅವರನ್ನ ಕೇಳಿದ್ರಾ?"

"ಇಲ್ಲ."

"ಎಂಟು ತಿಂಗಳಿಂದಲೂ?"

"ಅವಳ ಹತ್ರ ಎಲ್ಲಾ ಇದೆ. ಇದೊಂದು ಪಟ್ಟಿಯಾದ್ರೂ ಪೂರ್ತಿ ನಂದಾಗಿರಲಿ ಅಂತ…" ಎನ್ನುತ್ತಿದ್ದವರು ತಮ್ಮ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಆಮೇಲೆ ದಿಢೀರನೆ ಎದ್ದು, ಪಟ್ಟಿ ಕೈಗೆತ್ತಿಕೊಂಡು, ನೋಯುವ ಕಾಲನ್ನು ಎಳೆದುಕೊಂಡು, ಬಾಗಿಲು ತಳ್ಳಿ ಮುಂದಿನ ಹಜಾರಕ್ಕೆ ನಡೆದರು. ನಾನು ಹಿಂದೆಯೇ ಓಡಿದೆ.

ತಂಗಿ ಗಿರಾಕಿಗಳೊಂದಿಗೆ ಮಾತಾಡುತ್ತಿದ್ದವರು ಅಕ್ಕನನ್ನು ಕಂಡು ಗಾಬರಿಯಾದರು. "ಏನಕ್ಕಾ, ಭಾವನಿಗೆ ಏನಾದ್ರೂ ಆಯ್ತಾ?"

"ಭಾವ ಚೆನ್ನಾಗಿದಾರೆ. ಈ ಕಾರು ಈಗ ಯಾರ ಹತ್ರ ಇದೆ ಹೇಳು."

ತಂಗಿ ಸಾಲಿನ ಮೇಲೆ ಕಣ್ಣಾಡಿಸಿದರು. "ಅಯ್ಯೋ, ನನ್ನ ಹಳೇ ಗಿರಾಕಿ, ಡ್ರಾಯಿಂಗ್ ಟೀಚರ್‌ದು! ರಿಟೈರ್ ಆಗಿ ಮನೆ ಬದಲಾಯಿಸಿದ್ರು. ಕಾರು ಈಗ ಅವರ ಮಗಳ ಹತ್ರ ಇದೆ, ಹೆಸರು ಬದಲಾಯಿಸಿಲ್ಲ ಅಷ್ಟೇ. ಹೋದ ತಿಂಗಳು ಫೋನಲ್ಲಿ ಮಾತಾಡಿದ್ದೆನಲ್ಲ." ಮಾರಿದ ಕಾರುಗಳ ಮನೆಗೆಲ್ಲ ವರ್ಷಕ್ಕೊಂದು ಸಲ ಫೋನು ಮಾಡಿ ಕ್ಷೇಮ ಕೇಳುವುದು ಆಕೆಯ ಪದ್ಧತಿ. ನಂಬರು ಸಿಗಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಆಕೆ ಮಡಚಿದ ಗುರುತಿದ್ದ ಅಂಚನ್ನು ನೋಡಿದರು. ನಗು ಹೋಯಿತು.

"ನಾನೇ ಮಾರಿದ್ದು ಅಂತ ನಿನಗೆ ಮೊದಲೇ ಗೊತ್ತಿತ್ತಾ? ಯಾಕೆ ಕೇಳ್ಲಿಲ್ಲ ನನ್ನ?"

"ಕೇಳಿದ್ರೆ, ಹುಡುಕಿದ್ದೂ ನೀನೇ ಅಂತಾಗ್ತಿತ್ತು."

"ಅಷ್ಟಕ್ಕೆ? ಆ ಹುಡುಗಿಗೆ ಏನಾದ್ರೂ ಆಗಿದ್ರೆ ನೀನು ಬದುಕ್ತಿದ್ಯಾ ಅಕ್ಕಾ?" ತಂಗಿಯ ಗಟ್ಟಿ ದನಿ ಹಜಾರಕ್ಕೆಲ್ಲ ಕೇಳಿಸಿತು. ಅಕ್ಕ ಅಲ್ಲೇ ನಿಂತು ಫೋನು ಮಾಡಿದರು. ಕಾರನ್ನು ಇನ್ನು ಓಡಿಸಬೇಡಿ, ನಾಳೆ ನಾವೇ ಲಾರಿ ಕಳಿಸಿ ತರಿಸಿಕೊಳ್ಳುತ್ತೇವೆ ಎಂದು ಎರಡೆರಡು ಸಲ ಹೇಳಿದರು.

ಮರುದಿನ ಬೆಳಿಗ್ಗೆ ಮರೂನ್ ಕಾರು ಲಾರಿಯ ಮೇಲೆ ಬರುತ್ತದೆ. ಅದರ ಬಂಪರಿನ ಎಡಮೂಲೆ ನೆಗ್ಗಿದೆ. ಎರಡು ತಿಂಗಳ ಹಿಂದೆ ಕಂಬಕ್ಕೆ ತಾಗಿಸಿದೆ, ನಿಧಾನ ಇದ್ದದ್ದಕ್ಕೆ ಬಚಾವು ಎಂದು ಜೊತೆಗೇ ಬಂದಿಳಿದ ಟೀಚರ ಮಗಳು ನಗುನಗುತ್ತಾ ಹೇಳುತ್ತಾಳೆ. ಆಕೆ ಕುಳ್ಳಗಿದ್ದಾಳೆ. ಓಡಿಸುವ ಸೀಟು ಪೂರಾ ಮುಂದಿದೆ. ಕಾಗದದಕ್ಕ ಒಮ್ಮೆ ಆ ಸೀಟನ್ನು, ಒಮ್ಮೆ ಬಂಪರನ್ನು ನೋಡಿ, ಟೈರುಗಳ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹೊರಗೆ ಬಂದಾಗ ಮುಖ ತೊಳೆದಿದ್ದಾರೆ. ಮೆಕ್ಯಾನಿಕ್ ಕೆಲಸ ಮುಗಿಸುವ ತನಕ ಮುಕ್ಕಾಲು ಗಂಟೆ ಅವನ ಪಕ್ಕ ನಿಂತೇ ಇರುತ್ತಾರೆ. ಹೊಸ ಡಬ್ಬಿಯ ನಂಬರನ್ನು ತಾವೇ ಓದಿ, ಇನ್ನೊಮ್ಮೆ ಓದಿ, ಪಟ್ಟಿಯ ಕೊನೆಯ ಸಾಲಿಗೆ ಗೆರೆ ಎಳೆಯುತ್ತಾರೆ. ಟೀಚರ ಮಗಳು ಕೀಲಿ ಇಸಿದುಕೊಂಡು ಓಡಿಹೋಗಿ ಅಪ್ಪಿಕೊಳ್ಳುವುದು ತಂಗಿಯನ್ನು. "ಥ್ಯಾಂಕ್ಸ್ ಆಂಟಿ, ನೀವಿಲ್ಲದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎನ್ನುತ್ತಾಳೆ. ತಂಗಿ ಅಕ್ಕನ ಕಡೆ ಕೈ ತೋರಿಸುವಷ್ಟರಲ್ಲಿ ಕಾರು ಗೇಟು ದಾಟಿರುತ್ತದೆ.

ಅಷ್ಟರಲ್ಲಿ ನಮ್ಮ ಪತ್ರಿಕೆಯ ಛಾಯಾಗ್ರಾಹಕರು ಬಂದರು. ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ನಿಲ್ಲಲಿ, ಚೆನ್ನಾಗಿ ಬರುತ್ತದೆ ಎಂದರು. ತಂಗಿ ಆಗಲೇ ಕೂದಲು ಸರಿಮಾಡಿಕೊಂಡು ನಿಂತಿದ್ದಾರೆ. ಕಾಗದದಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಎಂಟು ತಿಂಗಳ ವಿಷ್ಯ ಮುಚ್ಚಿಡಬೇಡಿ, ಬರೀರಿ. ನನ್ನ ಹೊಟ್ಟೆಕಿಚ್ಚಿಗೆ ಆ ಹುಡುಗಿ ಸಾಯ್ತಿದ್ಲು ಅಂತ್ಲೇ ಬರೀರಿ. ಕಾರು ಸಿಕ್ಕಿದ್ದು ತಂಗಿಯಿಂದ ಅಂತಾನೂ ಬರೀರಿ, ಅದು ನಿಜ." ತಂಗಿಯ ಕಡೆ ಒಂದು ಸಲ ತಿರುಗಿ ನೋಡಿ ದನಿ ತಗ್ಗಿಸಿದರು. "ಆದ್ರೆ ಫೋಟೋದಲ್ಲಿ ಅವಳು ಬೇಡ. ಅವಳು ನಿಂತ್ರೆ ಎಲ್ಲರೂ ಅವಳನ್ನೇ ನೋಡ್ತಾರೆ. ಇದೊಂದು ಸಲ ನಾನೊಬ್ಬಳೇ ಇರ್ತೀನಿ."